ಹಳೆಯ ಕಾರಿನ ಮುರಿದ ಹಿಡಿ
(ಅಂತಿಮ ಬಿ.ಎ. ವಿದ್ಯಾರ್ಥಿ, ದುದ್ದ)

ಒಡೆದ ಮುತ್ತೂ ಮುರಿದ ಮನಸ್ಸೂ ಮತ್ತೆ ಕೂಡುವುದಿಲ್ಲವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಪ್ಲಾಸ್ಟಿಕ್ಕಿನ ವಿಷಯದಲ್ಲಿ ಅವರು ಏನನ್ನೂ ಹೇಳಿಲ್ಲ. ಅವರ ಕಾಲಕ್ಕೆ ಅದು ನಮ್ಮ ಹಳ್ಳಿಗಳಿಗೆ ಬಂದಿರಲಿಲ್ಲ. ಇಂದಾದರೋ ನೀರಿನ ಬಿಂದಿಗೆಯಿಂದ ಹಿಡಿದು ಕಾರಿನವರೆಗೆ ಎಲ್ಲೆಲ್ಲಿಯೂ ಅದೇ. ಮುರಿದರೆ ಎಸೆಯುತ್ತೇವೆ, ಇಲ್ಲವೆ ಅಂಗಡಿಯಿಂದ ಅಂಟು ತಂದು ಅಂಟಿಸುತ್ತೇವೆ. ಅದು ಮೂರು ದಿನದಲ್ಲಿ ಬಿಟ್ಟುಕೊಂಡರೆ ಅಂಟನ್ನೂ ಪ್ಲಾಸ್ಟಿಕ್ಕನ್ನೂ ಸೇರಿಸಿ ಬಯ್ಯುತ್ತೇವೆ. ಬಯ್ಯುವುದಕ್ಕೆ ಮೊದಲು ಅದರ ಗುಣವನ್ನು ತಿಳಿಯಬೇಕೆಂಬ ಬುದ್ಧಿ ನನಗೆ ಬಂದದ್ದು ಕಳೆದ ಬೇಸಿಗೆಯಲ್ಲಿ. ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುವ ಇವನಿಗೆ ಈ ವಿಷಯದಲ್ಲಿ ಬರೆಯಲು ಏನು ಅಧಿಕಾರವೆಂದು ವಾಚಕರು ಕೇಳಬಹುದು. ಅದಕ್ಕೆ ನಡೆದ ಸಂಗತಿಯೇ ಉತ್ತರ.

ನಮ್ಮದು ದುದ್ದದಲ್ಲಿ ಬೇಸಾಯದ ಮನೆ. ಅಪ್ಪ ಏಳನೆಯ ತರಗತಿಗೆ ಓದು ಬಿಟ್ಟವರು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಜ್ಜಿಯ ಮೂತ್ರಪಿಂಡಗಳು ಕೆಟ್ಟಮೇಲೆ ವಾರಕ್ಕೆ ಎರಡು ಸಲ ಅವಳನ್ನು ಡಯಾಲಿಸಿಸಿಗಾಗಿ ಮಂಡ್ಯಕ್ಕೆ ಕರೆದೊಯ್ಯಬೇಕಾಯಿತು. ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಿ ಎದ್ದವಳನ್ನು ಬಸ್ಸಿನಲ್ಲಿ ನಿಲ್ಲಿಸಿಕೊಂಡು ಬರುವುದು ಆಗದ ಮಾತು. ಆದಕಾರಣ ಅಪ್ಪ ಮೂರು ಕೈ ದಾಟಿ ಬಂದ ಒಂದು ಹಳೆಯ ಕಾರನ್ನು ಕೊಂಡರು. ಅದು ಯಾವ ಕಂಪನಿಯದೆಂದು ಇಲ್ಲಿ ಹೇಳುವುದು ಬೇಡ. ತಪ್ಪು ಕಂಪನಿಯದಲ್ಲ, ವರ್ಷಗಳದು ಮತ್ತು ಬಿಸಿಲಿನದು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮಂಡ್ಯದಲ್ಲಿ ಔಷಧದ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಅಪ್ಪ ಮಾತ್ರೆ ತರಲು ಇಳಿದರು. ಹಿಂದಿನ ಸೀಟಿನಲ್ಲಿ ಅಜ್ಜಿ ಒಬ್ಬಳೇ. ಆ ಬಾಗಿಲಿನ ಗಾಜು ಇಳಿಸುವ ತಿರುಗುಹಿಡಿ ನಾವು ಕೊಳ್ಳುವಾಗಲೇ ಇರಲಿಲ್ಲ. ಸೆಕೆ ತಾಳಲಾರದೆ ಅವಳು ಬಾಗಿಲು ತೆಗೆಯುವ ಹಿಡಿಯನ್ನು ಎಳೆದಳು. ಅದು ಬುಡದಲ್ಲಿ ಮುರಿದು ಕೈಗೆ ಬಂದಿತು. ಆ ಕಡೆಯ ಬಾಗಿಲಿಗೆ ಸರಿದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಅಂಗಡಿಯಲ್ಲಿ ಜನ ಹೆಚ್ಚಾಗಿ ಅಪ್ಪ ಕಾಲು ಗಂಟೆ ತಡವಾಗಿ ಬಂದಾಗ ಅವಳು ಬೆವರಿನಲ್ಲಿ ತೊಯ್ದು, ಮುರಿದ ತುಂಡನ್ನು ಮಡಿಲಲ್ಲಿಟ್ಟುಕೊಂಡು, ಮಾತಿಲ್ಲದೆ ಕುಳಿತಿದ್ದಳು.

ಅಂದು ರಾತ್ರಿಯೇ ನಾನು ಕ್ಷಣದಲ್ಲಿ ಹಿಡಿಯುವ ಅಂಟನ್ನು ತಂದು ಹಿಡಿಯನ್ನು ಕೂಡಿಸಿದೆ. ನೋಡುವುದಕ್ಕೆ ಹೊಸದರಂತಿತ್ತು. ಮೂರನೆಯ ದಿನ ಅಜ್ಜಿ ಎಳೆದಾಗ ಅದು ಮತ್ತೆ ಅವಳ ಕೈಗೇ ಬಂದಿತು. “ಹದಿನೈದು ವರ್ಸ ಓದಿದ್ದೀಯ ಕಣ್ ಮಗ, ಒಂದು ಹಿಡಿ ಕೂರ್ಸಕ್ಕೆ ಆಗಕಿಲ್ವಾ?” ಎಂದಳು. ಹೇಳಿದ್ದು ನಗುತ್ತಲೇ, ಆದರೆ ಆ ಮಾತು ನನ್ನೊಳಗೆ ಉಳಿಯಿತು. ಮಾರನೆಯ ದಿನ ಆ ತುಂಡನ್ನು ಕಿಸೆಯಲ್ಲಿಟ್ಟುಕೊಂಡು ಮಂಡ್ಯದ ಒಬ್ಬ ಮೆಕ್ಯಾನಿಕ್ಕರ ಬಳಿಗೆ ಹೋದೆ. ಅವರು ಅದನ್ನು ತಿರುಗಿಸಿ ನನ್ನ ಕಡೆಗೇ ಚಾಚಿ, “ಇದರ ಬೆನ್ನಮೇಲೆ ಬರೆದಿದೆಯಲ್ಲಪ್ಪ, ಓದು” ಎಂದರು. ನನ್ನ ಪಾಠ ಅಲ್ಲಿಂದ ಮೊದಲಾಯಿತು.

ಪ್ಲಾಸ್ಟಿಕ್ ಎಂಬುದು ಒಂದು ವಸ್ತುವಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ಅದರಲ್ಲಿ ಮುಖ್ಯವಾಗಿ ಎರಡು ಕವಲುಗಳು. ಆಲೆಮನೆಯ ಊರಿನವರಾದ ನಮಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಬೆಲ್ಲದ ಅಚ್ಚನ್ನು ಕಾಯಿಸಿದರೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ರೊಟ್ಟಿ ಹಾಗಲ್ಲ, ಒಮ್ಮೆ ಬೆಂದರೆ ಮುಗಿಯಿತು, ಎಷ್ಟು ಕಾಯಿಸಿದರೂ ಸೀಯುತ್ತದೆಯೇ ಹೊರತು ಹಿಟ್ಟಾಗುವುದಿಲ್ಲ. ಬೇಕ್‌ಲೆಂಡ್ ಎಂಬ ವಿಜ್ಞಾನಿ 1907ರಲ್ಲಿ ಕಂಡುಹಿಡಿದ ಬೇಕಲೈಟು ರೊಟ್ಟಿಯ ಕವಲಿಗೆ ಸೇರಿದುದು. ಹಳೆಯ ಕರಿಯ ವಿದ್ಯುತ್ ಸ್ವಿಚ್ಚುಗಳನ್ನು ಅದರಿಂದಲೇ ಮಾಡುತ್ತಿದ್ದರು. ಕಾರಿನ ಒಳಗಿನ ಗಟ್ಟಿ ಭಾಗಗಳು ಬಹುಮಟ್ಟಿಗೆ ಬೆಲ್ಲದ ಕವಲಿನವು. ಚನ್ನಪಟ್ಟಣದ ಬೊಂಬೆಗೆ ಹಚ್ಚುವ ಅರಗೂ ಹೀಗೆಯೇ ಬಿಸಿಗೆ ಮೆದುವಾಗಿ ಮರವನ್ನು ಹಿಡಿದುಕೊಳ್ಳುತ್ತದೆ. ಮೆದುವಾಗುವ ಈ ಗುಣವೇ ದುರಸ್ತಿಗೆ ಇರುವ ದಾರಿ.

ಆದರೆ ಬೆಲ್ಲದ ಕವಲಿನಲ್ಲಿಯೂ ಎಲ್ಲವೂ ಒಂದೇ ಅಲ್ಲ. ಭಾಗವನ್ನು ಬಿಚ್ಚಿ ಹಿಂಬದಿಯನ್ನು ನೋಡಿದರೆ ಅನೇಕ ವೇಳೆ ಬಾಣದ ಮೊನೆಯಂಥ ಎರಡು ಗುರುತುಗಳ ನಡುವೆ ಇಂಗ್ಲಿಷ್ ಅಕ್ಷರಗಳು ಅಚ್ಚಾಗಿರುತ್ತವೆ. ಅದೇ ಆ ಪ್ಲಾಸ್ಟಿಕ್ಕಿನ ಹೆಸರು. ನಮ್ಮ ಕಾರಿನಲ್ಲಿ ನನಗೆ ಸಿಕ್ಕಿದ ಹೆಸರುಗಳು ಮೂರು.

ಮೊದಲನೆಯದು ಎ.ಬಿ.ಎಸ್. ಗೇರಿನ ಸುತ್ತಲಿನ ಕಟ್ಟು ಇದರದು. ಇದು ಅಸಿಟೋನಿನಲ್ಲಿ ಕರಗುತ್ತದೆ; ಆದ್ದರಿಂದ ಇದನ್ನು ಇದರಿಂದಲೇ ಕೂಡಿಸಬಹುದು. ಅದೇ ಭಾಗದ ಕಾಣದ ಅಂಚಿನಿಂದ ಸ್ವಲ್ಪ ಹೆರೆದು, ಆ ಪುಡಿಯನ್ನು ಗಾಜಿನ ಶೀಷೆಯಲ್ಲಿ ಅಸಿಟೋನಿನೊಡನೆ ಹಾಕಿ ಮುಚ್ಚಿಟ್ಟರೆ, ಬೆಳಗಾಗುವಷ್ಟರಲ್ಲಿ ಪಾಕದ ಹದಕ್ಕೆ ಬರುತ್ತದೆ. ಮುರಿದ ಅಂಚುಗಳನ್ನು ಸಾಬೂನಿನಿಂದ ತೊಳೆದು ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಹಿಂಬದಿಯಲ್ಲಿ ಬಿರುಕಿನ ಉದ್ದಕ್ಕೂ ಸಣ್ಣ ಕಾಲುವೆಯಂತೆ ಕೊರೆದು, ಅದರೊಳಗೆ ಈ ಪಾಕವನ್ನು ತೆಳುವಾಗಿ ಎರಡು ಮೂರು ಸಲ ತುಂಬಬೇಕು. ಒಂದು ಪದರ ಆರಿದ ಮೇಲೆಯೇ ಇನ್ನೊಂದು. ಕಡೆಗೆ ಒಂದು ಇಡೀ ದಿನ ಮುಟ್ಟದೆ ಬಿಡಬೇಕು. ಇಲ್ಲಿ ಅಂಟು ಎಂಬ ಮೂರನೆಯವನಿಲ್ಲ. ಎರಡು ತುಂಡುಗಳೂ ಕರಗಿ ಒಂದಾಗುತ್ತವೆ. ಎದುರಿಗೆ ಕಾಣುವ ಮೈಮೇಲೆ ಮಾತ್ರ ಅಸಿಟೋನ್ ಬೀಳಬಾರದು, ಬಿದ್ದಲ್ಲಿ ಹೊಳಪು ಹೋಗುತ್ತದೆ.

ಎರಡನೆಯದು ಪಿ.ಪಿ., ಅಂದರೆ ಪಾಲಿಪ್ರೊಪಿಲೀನ್. ಇಟಲಿಯ ನಟ್ಟಾ ಎಂಬ ರಸಾಯನ ವಿಜ್ಞಾನಿ ಇದನ್ನು 1954ರಲ್ಲಿ ತಯಾರಿಸಿದರು. ಇಂಥ ಕೆಲಸಕ್ಕಾಗಿ 1963ರಲ್ಲಿ ಜರ್ಮನಿಯ ಸೀಗ್ಲರರೊಡನೆ ನೊಬೆಲ್ ಬಹುಮಾನ ಪಡೆದರು. ಬಾಗಿಲ ಬದಿಯಲ್ಲಿ ಕಾಗದಪತ್ರ ಇಡುವ ಜೇಬು ಇದರದು. ಇದು ಕೆಸುವಿನ ಎಲೆಯಿದ್ದಂತೆ; ಎಲೆಗೆ ನೀರು ಹತ್ತದ ಹಾಗೆ ಇದಕ್ಕೆ ಸಾಮಾನ್ಯವಾದ ಯಾವ ಅಂಟೂ ಹತ್ತುವುದಿಲ್ಲ. ಅಸಿಟೋನಿಗೂ ಕರಗದು. ಇದಕ್ಕೆ ಬೆಸುಗೆಯೇ ಮದ್ದು. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯನ್ನು ಕಾಯಿಸಿ, ಹಿಂಬದಿಯಲ್ಲಿ ಬಿರುಕಿನ ಎರಡು ದಡಗಳನ್ನೂ ಕರಗಿಸಿ, ಸಣ್ಣ ತಂತಿಯ ಜಾಲರಿಯ ತುಂಡೊಂದನ್ನು ಅದರೊಳಗೆ ಒತ್ತಿ ಕೂರಿಸಿ, ಮೇಲೆ ಅದೇ ಜಾತಿಯ ಪ್ಲಾಸ್ಟಿಕ್ಕನ್ನು ಕರಗಿಸಿ ಎಳೆಯಬೇಕು. ಅದಕ್ಕೆ ಹೊಸದನ್ನು ಕೊಳ್ಳಬೇಕಾದುದಿಲ್ಲ. ತಳದಲ್ಲಿ ತ್ರಿಕೋನದ ನಡುವೆ 5 ಎಂಬ ಅಂಕಿಯಿರುವ ಹಳೆಯ ಡಬ್ಬಿ ಸಾಕು, ಅದೂ ಪಾಲಿಪ್ರೊಪಿಲೀನೇ.

ಗುರುತು ಅಳಿಸಿದ್ದರೆ ಒಂದು ಚೂರನ್ನು ಕತ್ತರಿಸಿ ನೀರಿಗೆ ಹಾಕಿ ನೋಡಬಹುದು. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತದೆ, ಎ.ಬಿ.ಎಸ್. ಮುಳುಗುತ್ತದೆ. ಆದರೆ ಬಿಗಿಗೋಸ್ಕರ ಕಲ್ಲುಪುಡಿ ಬೆರೆಸಿದ ಪಾಲಿಪ್ರೊಪಿಲೀನೂ ಮುಳುಗೀತು. ಆದುದರಿಂದ ಮುಳುಗಿದ ಚೂರಿಗೆ ಒಂದು ಹನಿ ಅಸಿಟೋನ್ ಹಾಕಿ, ಮೆದುವಾಗಿ ಜಿಗುಟಾದರೆ ಮಾತ್ರ ಎ.ಬಿ.ಎಸ್. ಎಂದು ತಿಳಿಯಬೇಕು.

ಮೂರನೆಯದು ಪಿ.ಒ.ಎಂ., ಇದಕ್ಕೆ ಅಸಿಟಾಲ್ ಎಂದೂ ಹೆಸರು. ನುಣುಪಾದ, ಸವೆಯದ ಪದಾರ್ಥ. ಸಣ್ಣ ಹಲ್ಲುಚಕ್ರಗಳನ್ನು ಇದರಿಂದ ಮಾಡುತ್ತಾರೆ. ಅಂಟು ಇದರ ಮೈಮೇಲೆ ನಿಲ್ಲುವುದಿಲ್ಲ, ಅಸಿಟೋನ್ ಇದನ್ನು ಕರಗಿಸುವುದಿಲ್ಲ, ಹೆಚ್ಚು ಕಾಯಿಸಿದರೆ ವಿಷದ ಹೊಗೆ ಬರುತ್ತದೆ. ಅಜ್ಜಿಯ ಕೈಗೆ ಬಂದ ಹಿಡಿಯ ಬೆನ್ನಮೇಲೆ ಇದ್ದದ್ದು ಈ ಮೂರು ಅಕ್ಷರಗಳೇ! ನಾನು ಅಂಟಿಸಿದ್ದು ಮೂರು ದಿನ ನಿಂತದ್ದೇ ಹೆಚ್ಚು.

ಇವೆಲ್ಲ ಮುರಿಯುವುದಾದರೂ ಏಕೆ? ಗಾಜು ಮುಚ್ಚಿ ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಶಾಖ 70 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಶಾಖವೂ ಬಿಸಿಲೂ ಗಾಳಿಯ ಆಮ್ಲಜನಕವೂ ಸೇರಿ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ವರ್ಷ ವರ್ಷವೂ ತುಂಡರಿಸುತ್ತವೆ. ಬಳುಕು ಹೋಗಿ ಗರಿಗರಿಯಾಗುತ್ತದೆ. ಅದರಮೇಲೆ ನಮ್ಮ ಅವಸರ ಬೇರೆ. ಸ್ಕ್ರೂ ಕೂರುವ ಟೊಳ್ಳು ಕಂಬಗಳು ಸೀಳುವುದು ಬಿಗಿ ಹೆಚ್ಚಾದುದರಿಂದ. ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುಗಿಸಿ, ಹಳೆಯ ಮರೆಯೊಳಗೆ ಅದು ‘ಟಕ್’ ಎಂದು ಬಿದ್ದಮೇಲೆ ಕೈಯಿಂದ ಮುಂದಕ್ಕೆ ತಿರುಗಿಸಿದರೆ ಕಂಬ ಉಳಿಯುತ್ತದೆ. ಬಿರುಕು ಬೆಳೆಯುತ್ತಿದ್ದರೆ ಅದರ ತುದಿಯಲ್ಲಿ ಒಂದು ಸಣ್ಣ ತೂತು ಕೊರೆದರೆ ಅಲ್ಲಿಗೇ ನಿಲ್ಲುತ್ತದೆ.

ಮಾರುತಿ 800 ಎಂಬ ಚಿಕ್ಕ ಕಾರು 1983ರ ಡಿಸೆಂಬರಿನಲ್ಲಿ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತಿತೆಂಬುದು ಎಲ್ಲರಿಗೂ ತಿಳಿದದ್ದೇ. ಅಂಥ ಹಳೆಯ ಚಿಕ್ಕ ಕಾರುಗಳು ಈಗಲೂ ನಮ್ಮ ಹಳ್ಳಿಗಳಲ್ಲಿ ಓಡುತ್ತಿವೆ. ಎಂಜಿನ್ನಿನ ಸಾಮಾನು ಹೇಗೋ ದೊರೆಯುತ್ತದೆ. ಒಳಗಿನ ಒಂದು ಮುಚ್ಚಳ, ಒಂದು ಕ್ಲಿಪ್ಪು ದೊರೆಯುವುದು ಕಷ್ಟ. ಇದ್ದುದನ್ನು ಉಳಿಸಿಕೊಳ್ಳುವ ವಿದ್ಯೆ ಬಡವನಿಗೆ ಬೇಕಾಗುವುದು ಇಲ್ಲಿಯೇ.

ಆದರೆ ಈ ವಿದ್ಯೆಗೆ ಎಲ್ಲೆಯಿದೆ. ಸೀಟುಬೆಲ್ಟಿನ ಭಾಗ, ಸ್ಟಿಯರಿಂಗಿನ ಭಾಗ, ಗಾಳಿಚೀಲ ಅಡಗಿರುವ ಮುಚ್ಚಳ ಇವುಗಳನ್ನು ಯಾರೂ ಅಂಟಿಸಬಾರದು. ಅಸಿಟೋನ್ ಬೇಗ ಬೆಂಕಿ ಹಿಡಿಯುವಂಥದು. ಒಲೆಯ ಹತ್ತಿರ ಸಲ್ಲದು. ಬೆಸುಗೆಯನ್ನು ಬಯಲಿನಲ್ಲಿ ಗಾಳಿಗೆ ಕುಳಿತು ಮಾಡಬೇಕು. ಜೇಬು ಮತ್ತೆ ಮುರಿದರೆ ಕಾಗದ ಕೆಳಗೆ ಬಿದ್ದೀತು, ಅಷ್ಟೆ. ಹಿಡಿ ಮತ್ತೆ ಮುರಿದರೆ ಒಳಗಿರುವವರ ಗತಿಯೇನು?

ಆದ್ದರಿಂದ ಜೇಬನ್ನೂ ಗೇರಿನ ಕಟ್ಟನ್ನೂ ನಾನು ದುರಸ್ತಿ ಮಾಡಿದೆ, ಹಿಡಿಯನ್ನು ಮಾಡಲಿಲ್ಲ. ಅದರ ಹಿಂದಿನ ಕಬ್ಬಿಣದ ಸರಳಿಗೆ ಗಟ್ಟಿ ದಾರವೊಂದನ್ನು ಕಟ್ಟಿ ಹೊರಕ್ಕೆ ಬಿಟ್ಟೆ. “ಕಾರ್ಗೂ ಮೂಗುದಾರ ಹಾಕ್ಬುಟ್ಯಲ್ಲೋ” ಎಂದು ಅಜ್ಜಿ ನಕ್ಕಳು. ಎರಡು ವಾರ ಆ ಮೂಗುದಾರದಿಂದಲೇ ಬಾಗಿಲು ತೆರೆಯಿತು. ಆಮೇಲೆ ಗುಜರಿಗೆ ಬಂದ ಅದೇ ಮಾದರಿಯ ಕಾರೊಂದರಿಂದ ಎರಡು ಹಿಡಿಗಳೂ ಗಾಜಿನ ಒಂದು ತಿರುಗುಹಿಡಿಯೂ ಸಿಕ್ಕವು. ಒಂದು ಹಿಡಿಯನ್ನು ಹಾಕಿದೆ. ಇನ್ನೊಂದು ನಾನು ಬೆಸೆದ ಜೇಬಿನಲ್ಲಿದೆ.

ನಮ್ಮ ಮನೆಯಲ್ಲಿ ಪದವಿಯ ಮುಖ ನೋಡುತ್ತಿರುವವನು ನಾನೇ ಮೊದಲಿಗ. ಓದಿದವನಿಗೆ ಎಲ್ಲವೂ ಬರುತ್ತದೆಂದು ಮನೆಯವರು ನಂಬುತ್ತಾರೆ. ನಾನೂ ಹಾಗೆಯೇ ನಂಬಿ ಗುರುತು ಓದದೆ ಅಂಟು ಹಚ್ಚಿದೆ. ವಸ್ತುವನ್ನು ತಿರುಗಿಸಿ ಅದರ ಬೆನ್ನು ನೋಡಬೇಕೆಂದು ಕಲಿಸಿದವರು ಕಾಲೇಜು ಕಾಣದ ಒಬ್ಬ ಮೆಕ್ಯಾನಿಕ್ಕರು. ಯಾವುದನ್ನು ಕೂಡಿಸಬಹುದು, ಯಾವುದನ್ನು ಬದಲಿಸಲೇಬೇಕು ಎಂಬ ವಿವೇಕವಿಲ್ಲದ ದುರಸ್ತಿ ಬರಿಯ ಅಂಟು. ಈಗ ಆಸ್ಪತ್ರೆಯ ಮುಂದೆ ಕಾರು ನಿಂತರೆ ಅಜ್ಜಿ ಯಾರಿಗೂ ಕಾಯುವುದಿಲ್ಲ. ಬಾಗಿಲನ್ನು ತಾನೇ ತೆಗೆದುಕೊಂಡು ಇಳಿಯುತ್ತಾಳೆ.