ಹಗ್ಗದ ಜೋಲಿ: ಎಲ್ಲಿ ಹೆಣೆಯಬೇಕು, ಎಲ್ಲಿ ಬದಲಿಸಬೇಕು

ಅಮೆರಿಕದ ದಕ್ಷಿಣ ಕೆರೊಲಿನಾ ಕರಾವಳಿಯಲ್ಲಿರುವ ಪಾಲೀಸ್ ದ್ವೀಪದ ಹಗ್ಗದ ಜೋಲಿ ಹುಟ್ಟಿದ್ದು ಸೆಕೆ ತಾಳಲಾರದೆ. ಜಾರ್ಜ್‌ಟೌನ್ ಸುತ್ತಲಿನ ಭತ್ತದ ಸೀಮೆಯಲ್ಲಿ ನದಿದೋಣಿ ನಡೆಸುತ್ತಿದ್ದ ಕ್ಯಾಪ್ಟನ್ ಜೋಶುವಾ ಜಾನ್ ವಾರ್ಡ್, ಬೇಸಿಗೆಯಲ್ಲಿ ಹುಲ್ಲು ತುಂಬಿದ ಹಾಸಿಗೆಯ ಮೇಲೆ ಮಲಗಲಾರದೆ, 1889ರ ಸುಮಾರಿಗೆ ಹತ್ತಿಯ ಹಗ್ಗದಿಂದ ಗಾಳಿಯಾಡುವ ಜೋಲಿಯೊಂದನ್ನು ಹೆಣೆದರು. ಮೈಗೆ ಒತ್ತುವ ಗಂಟುಗಳು ಅದರ ಹೆಣಿಗೆಯಲ್ಲಿರಲಿಲ್ಲ. ಬಟ್ಟೆಯ ಜೋಲಿಯಂತೆ ಮುದುಡಿಕೊಳ್ಳದೆ ಹರಡಿ ನಿಲ್ಲಲೆಂದು ಎರಡೂ ತುದಿಗೆ ಮರದ ಅಡ್ಡಪಟ್ಟಿಗಳಿದ್ದವು. ಇಂಥ ಜೋಲಿಯಲ್ಲಿ ಒಂದೆಡೆ ಹಗ್ಗ ಹರಿದೊಡನೆ ಇಡೀ ಜೋಲಿಯನ್ನು ಎಸೆಯುವವರಿದ್ದಾರೆ. ಹರಿದಲ್ಲೆಲ್ಲ ಗಂಟು ಬಿಗಿದು ಬಳಸುವವರೂ ಇದ್ದಾರೆ. ಎರಡೂ ಸರಿಯಲ್ಲ. ಎಲ್ಲಿ ಹರಿದಿದೆ, ಆ ಜಾಗ ಎಷ್ಟು ಭಾರ ಹೊರುತ್ತದೆ ಎಂಬುದರ ಮೇಲೆ ದುರಸ್ತಿಯ ತೀರ್ಮಾನವಾಗಬೇಕು.

ಮಲಗುವ ಭಾಗದಲ್ಲಿ ಮೈಭಾರ ಹತ್ತಾರು ಎಳೆಗಳಿಗೆ ಹಂಚಿಹೋಗುತ್ತದೆ. ಅಲ್ಲಿ ಒಂದು ಎಳೆ ಹರಿದರೆ ಅಕ್ಕಪಕ್ಕದವು ಆ ಭಾರವನ್ನು ಹೊರುತ್ತವೆ. ಆದರೆ ಹೆಣಿಗೆ ಸಡಿಲಗೊಂಡು ಬಿಚ್ಚಿಕೊಳ್ಳುವ ಮೊದಲೇ ಹರಿದ ತುದಿಗಳನ್ನು ದಾರದಿಂದ ಬಿಗಿಯಬೇಕು. ಆಮೇಲೆ ಅದೇ ದಪ್ಪದ, ಅದೇ ಬಗೆಯ ಹೊಸ ಹಗ್ಗವನ್ನು ಹಳೆಯದು ಸಾಗಿದ ದಾರಿಯಲ್ಲೇ ಹಾಯಿಸಬೇಕು. ಹತ್ತಿಯ ನಡುವೆ ನೈಲಾನ್ ಸೇರಿಸಿದರೆ ನೈಲಾನ್ ಹೆಚ್ಚು ಹಿಗ್ಗುವುದರಿಂದ ಅದರ ಪಾಲಿನ ಭಾರವೂ ಹಳೆಯ ಎಳೆಗಳ ಮೇಲೆಯೇ ಬೀಳುತ್ತದೆ. ಮೂರು ಹುರಿಯ ಹಗ್ಗವಾದರೆ ಎರಡೂ ತುದಿಗಳ ಹುರಿ ಬಿಚ್ಚಿ, ಒಂದರ ಹುರಿಗಳನ್ನು ಇನ್ನೊಂದರ ಹುರಿಗಳ ಮೇಲೊಮ್ಮೆ ಕೆಳಗೊಮ್ಮೆ ತೂರಿಸಿ ಹೆಣೆಯುವುದು ಉತ್ತಮ. ಹತ್ತಿಗೆ ಮೂರು ಸುತ್ತು ಸಾಕು, ಜಾರುವ ಕೃತಕ ನೂಲಿಗೆ ಐದು ಬೇಕು. ಗಂಟು ಹಗ್ಗದ ಬಲವನ್ನು ಅರ್ಧದವರೆಗೂ ಕುಗ್ಗಿಸಬಲ್ಲದು. ಚೆನ್ನಾಗಿ ಹೆಣೆದ ಜೋಡಣೆ ಬಹುಪಾಲು ಬಲವನ್ನು ಉಳಿಸಿಕೊಳ್ಳುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ನೈಲಾನ್ ಬಲೆಯ ಜೋಲಿಗಳ ಮಾತು ಬೇರೆ. ಅವು ಗಂಟಿನಿಂದಲೇ ಹೆಣೆದವು. ಅವುಗಳ ಹರಿದ ಕಣ್ಣುಗಳನ್ನು ಮಲ್ಪೆ, ಗಂಗೊಳ್ಳಿಯ ಮೀನುಗಾರರು ಬಲೆ ದುರಸ್ತಿ ಮಾಡುವಂತೆಯೇ ಗಂಟು ಹಾಕಿ ಕೂಡಿಸಬಹುದು.

ತುದಿಯ ಹಗ್ಗಗಳಿಗೆ ಈ ರಿಯಾಯಿತಿ ಇಲ್ಲ. ಜೋಲಿಯನ್ನು ಎಳೆದು ಬಿಗಿಯಾಗಿ ಕಟ್ಟಿದಷ್ಟೂ ಅವುಗಳ ಮೇಲಿನ ಸೆಳೆತ ಏರುತ್ತದೆ. 70 ಕಿಲೋ ತೂಕದವರು ಮಲಗಿದಾಗ ಹಗ್ಗ ನೆಲಮಟ್ಟಕ್ಕೆ 30 ಡಿಗ್ರಿ ಓರೆಯಲ್ಲಿದ್ದರೆ ಪ್ರತಿ ತುದಿಯ ಮೇಲೂ 70 ಕಿಲೋ ಸೆಳೆತ. 15 ಡಿಗ್ರಿಗೆ ಇಳಿದರೆ ಸುಮಾರು 135 ಕಿಲೋ. ಆದ್ದರಿಂದ ತುದಿಯ ಹಗ್ಗ ಸವೆದಿದ್ದರೆ, ತುದಿಯ ಲೋಹದ ಬಳೆಗೆ ತುಕ್ಕು ಹಿಡಿದಿದ್ದರೆ, ಅಡ್ಡಪಟ್ಟಿ ಸೀಳಿದ್ದರೆ ತೇಪೆಗೆ ಹೋಗದೆ ಹೊಸದನ್ನೇ ಹಾಕಬೇಕು.

ಹೊಸ ಜೋಲಿ ಅಗ್ಗಕ್ಕೆ ಸಿಗುವಾಗ ಇಷ್ಟು ಶ್ರಮವೇಕೆ ಎಂಬ ಪ್ರಶ್ನೆ ಸಹಜ. ಹೊಸದನ್ನೂ ಅದೇ ಮಳೆಬಿಸಿಲಿಗೆ ಬಿಟ್ಟರೆ ಅದೂ ಬಹುಕಾಲ ಬಾಳದು: ತೇವಕ್ಕೆ ಹತ್ತಿ ಕೊಳೆಯುತ್ತದೆ, ಬಿಸಿಲಿಗೆ ನೈಲಾನ್ ಪೆಡಸಾಗುತ್ತದೆ. ದುರಸ್ತಿ ಮಾಡುವವರು ಹಾಳಾಗುವ ಈ ಕಾರಣವನ್ನು ಕಣ್ಣಾರೆ ಕಾಣುತ್ತಾರೆ. ದುರಸ್ತಿಯನ್ನು ನಂಬಬಹುದೇ ಎಂಬ ಆಕ್ಷೇಪಕ್ಕೆ ಇನ್ನೂ ಹೆಚ್ಚು ತೂಕವಿದೆ. ಅದಕ್ಕೆ ಪರೀಕ್ಷೆಯೇ ಉತ್ತರ. ಹಲವು ಕಡೆ ಹುರಿ ಬಿಡಿಸಿ ನೋಡಿ. ಒಳಗಿನ ನಾರು ಪುಡಿಯಾಗಿ ಉದುರಿದರೆ ಆ ಜೋಲಿಯ ಆಯುಷ್ಯ ಮುಗಿದಿದೆ, ಯಾವ ಹೆಣಿಗೆಯೂ ಅದನ್ನು ಉಳಿಸದು. ನಾರು ಗಟ್ಟಿಯಿದ್ದರೆ ದುರಸ್ತಿ ಮಾಡಿ, ನೆಲಕ್ಕೆ ಸಮೀಪವಾಗಿ ಕಟ್ಟಿ, ಮಲಗುವವರಿಗಿಂತ ಭಾರವಾದ ಮರಳಿನ ಚೀಲಗಳನ್ನು ಒಂದು ರಾತ್ರಿ ಹೇರಿಡಿ. ಬೆಳಿಗ್ಗೆ ಜೋಡಣೆ ಜಾರಿರದಿದ್ದರೆ ಮಾತ್ರ ಜೋಲಿಯನ್ನು ಬಳಕೆಗೆ ತನ್ನಿ. ಮಕ್ಕಳನ್ನು ಅದಕ್ಕೂ ಮೊದಲು ಹತ್ತಿಸಬೇಡಿ.