ಚಿಗುರೆಲೆ ಹುಡುಕುವ ಪ್ರಯೋಗಾಲಯ

ಮೈಸೂರಿನ ಆ ಕಾಲೇಜಿನ ಹೆಸರು ಬೇಡ. ಅದರ ಹಿಂಬದಿಯ ಜೀವರಸಾಯನ ಪ್ರಯೋಗಾಲಯದ ಬಾಗಿಲು ತೆರೆದರೆ ಮೊದಲು ಮದುವೆಮನೆಯ ತಾಂಬೂಲದ ಘಮ, ಹಿಂದೆಯೇ ಸ್ಪಿರಿಟ್ಟಿನ ವಾಸನೆ. ಕಿಟಕಿ ಪಕ್ಕ ಹಳೆಯ ಪೇಪರಿನ ಮೇಲೆ ವೀಳ್ಯದೆಲೆ ಹರವಿತ್ತು.

"ಬಿಸಿಲಿಗೆ ಹಾಕಂಗಿಲ್ಲ ಸಾರ್, ನೆರಳಲ್ಲೇ ಒಣಗ್ಬೇಕು" ಎಂದರು ಅಟೆಂಡರ್. ನಿವೃತ್ತಿಗೆ ಎರಡು ವರ್ಷವಿದೆ. ಸಂಶೋಧನೆ ಮಾಡುವ ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಉತ್ತರ ಇವರದು.

ಒಣಗಿದ ಎಲೆಯನ್ನು ಪುಡಿ ಮಾಡಿ, ನೀರು ಬೆರೆಸಿದ ಎಥನಾಲಿನಲ್ಲಿ ರಾತ್ರಿಯಿಡೀ ನೆನೆಸಿ ಸೋಸುತ್ತಾರೆ. ನಿರ್ವಾತದಲ್ಲಿ ಸುಮಾರು 40 ಡಿಗ್ರಿ ಶಾಖಕ್ಕೇ ಎಥನಾಲನ್ನು ಹಾರಿಸುವ ಯಂತ್ರವೊಂದಿದೆ, ಆದರೆ ಅದರ ಪಂಪು ಕೆಟ್ಟು ಎಂಟು ತಿಂಗಳು. ರಿಪೇರಿಗೆಂದು ಬರೆದ ಪತ್ರಗಳ ಫೈಲನ್ನೂ ಅವರು ತೋರಿಸಿದರು. ಅಲ್ಲಿಯವರೆಗೆ ಬಿಸಿನೀರಿನ ತೊಟ್ಟಿಯ ಮೇಲೆ ಪಿಂಗಾಣಿ ಬಟ್ಟಲಿಟ್ಟು ಕಾಯುವುದೇ ಗತಿ. ಕೊನೆಗೆ ಉಳಿಯುವುದು ಲೇಹ್ಯದಂಥ ಕಡುಹಸಿರು ಅಂಟು. ಹೈಡ್ರಾಕ್ಸಿಚವಿಕಾಲ್, ಯೂಜೆನಾಲ್ ಮೊದಲಾದ ಉತ್ಕರ್ಷಣ ನಿರೋಧಕಗಳು ಇರುವುದು ಇದರಲ್ಲೇ.

ಅವುಗಳ ಪರೀಕ್ಷೆ ಮಾತ್ರ ನೋಡಲು ಸೊಗಸು. ಡಿಪಿಪಿಎಚ್ ಎಂಬ ಕಡುನೇರಳೆ ದ್ರಾವಣಕ್ಕೆ ಈ ಸಾರದ ಹನಿ ಬಿಟ್ಟು ಅರ್ಧ ಗಂಟೆ ಕತ್ತಲಲ್ಲಿ ಇಡುತ್ತಾರೆ. ಬೀರು ತೆರೆದಾಗ ನೇರಳೆ ಮಾಯ, ಟ್ಯೂಬಿನಲ್ಲಿ ಒಣಹುಲ್ಲಿನ ಹಳದಿ. ಎಷ್ಟು ಮಾಸಿತೆಂದು ಯಂತ್ರ 517 ನ್ಯಾನೊಮೀಟರಿನ ಬೆಳಕಿನಲ್ಲಿ ಅಳೆಯುತ್ತದೆ. "ಮಿಷಿನ್ನು ಹೇಳೋಕ್ ಮುಂಚೆ ನಾನ್ ಹೇಳ್ತೀನಿ" ಎಂಬುದು ಅಟೆಂಡರ್ ವಾದ.

ಇತಿಹಾಸ ಹೇಳುವುದಾದರೆ, ಅರಸರ ತೋಟದಲ್ಲಿದ್ದ ಚಿಗುರೆಲೆ, ಅಂದರೆ ಮೈಸೂರು ವೀಳ್ಯದೆಲೆಯ ಬಳ್ಳಿ ಪೂರ್ಣಯ್ಯ ಛತ್ರದಿಂದ ವಿದ್ಯಾರಣ್ಯಪುರದವರೆಗೆ ಸುಮಾರು 100 ಎಕರೆಗೆ ಹಬ್ಬಿತ್ತಂತೆ. ಈ ಎಲೆಗೆ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಈಗ ಆ ದಾರಿಯಲ್ಲಿ ಬಳ್ಳಿಗಿಂತ ಮನೆಗಳೇ ಹೆಚ್ಚು. ಅಟೆಂಡರ್ ತಂದೆ ಅಲ್ಲೇ ಎಲೆತೋಟದಲ್ಲಿ ಕೂಲಿಗಿದ್ದವರು. ಬಾಳೆನಾರಿನಲ್ಲಿ ಬಳ್ಳಿಯನ್ನು ಮರಕ್ಕೆ ಕಟ್ಟುವಾಗ ಬಿಗಿಯಾದರೆ ಬಳ್ಳಿ ಸೊರಗುತ್ತದೆ, ಸಡಿಲಾದರೆ ಜಾರುತ್ತದೆ. ಆ ಗಂಟನ್ನು ಪ್ಲಾಸ್ಟಿಕ್ ಪೈಪಿಗೆ ದಾರ ಸುತ್ತಿ ನನಗೆ ಎರಡು ಸಲ ಹಾಕಿ ತೋರಿಸಿದರು. ನನಗೆ ಬರಲಿಲ್ಲ.

ಹೊರಡುವ ಹೊತ್ತಿಗೆ ಹುಡುಗಿ ಮಾರ್ಕೆಟ್ಟಿನಿಂದ ಹೊಸ ಕಟ್ಟು ತಂದಳು. ಚೀಲದ ಮೇಲೆ 'ವೀಳ್ಯದೆಲೆ, ಮೈಸೂರು' ಎಂಬ ಚೀಟಿ. 'ಇಲ್ಲಿ ತಿನ್ನಬಾರದು' ಎಂಬ ಬೋರ್ಡಿನ ಕೆಳಗೇ ನಿಂತು ಅಟೆಂಡರ್ ಒಂದೆಲೆಯ ತೊಟ್ಟು ಮುರಿದು ಬಾಯಿಗಿಟ್ಟರು.

"ಇದು ನಮ್ದಲ್ಲ ಕಣಮ್ಮ. ನಮ್ದಾದ್ರೆ ಚುರ್ ಅನ್ನುತ್ತೆ."

ಹುಡುಗಿ ಪೆನ್ನು ತೆಗೆದು 'ಮೈಸೂರು' ಹೊಡೆದುಹಾಕಿ, 'ಮಾರುಕಟ್ಟೆ' ಎಂದು ಬರೆದಳು.