ಹಳದಿ ಪುಸ್ತಿಕೆ

ಕೀನ್ಯದ ವನ್ಯಮೃಗಗಳನ್ನು ಕಂಡು ಭಾರತಕ್ಕೆ ಮರಳುವ ಪ್ರವಾಸಿಯು ಪಾಸ್‌ಪೋರ್ಟಿನೊಡನೆ ಹಳದಿ ಬಣ್ಣದ ಪುಟ್ಟ ಪುಸ್ತಿಕೆಯೊಂದನ್ನೂ ವಿಮಾನ ನಿಲ್ದಾಣದಲ್ಲಿ ತೋರಿಸಬೇಕಾಗುತ್ತದೆ. ಪೀತಜ್ವರದ ವಿರುದ್ಧ ಲಸಿಕೆ ಹಾಕಿಸಿಕೊಂಡುದಕ್ಕೆ ಅದು ಪ್ರಮಾಣಪತ್ರ. ಸ್ವದೇಶಕ್ಕೆ ಬರುವವನಿಗೂ ಈ ಕಟ್ಟುಪಾಡೇಕೆ? ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಬೇರೂರಿರುವ ಈ ರೋಗ ಭಾರತದಲ್ಲಿಲ್ಲ; ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ. ಡೆಂಗ್ಯೂ ಜ್ವರವನ್ನು ಹರಡುವುದೂ ಇದೇ ಸೊಳ್ಳೆಯೇ. ರೋಗಾಣುವನ್ನು ರಕ್ತದಲ್ಲಿ ಹೊತ್ತು ತಂದ ಒಬ್ಬನನ್ನು ಅದು ಕಚ್ಚಿದರೂ ಊರಿಗೆ ಊರೇ ಅಪಾಯಕ್ಕೆ ಸಿಲುಕೀತು. ಲಸಿಕೆ ಹಾಕಿಸಿಕೊಂಡ 10 ದಿನಗಳ ಅನಂತರವೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಹೊರಡುವ ಗಡಿಬಿಡಿಯಲ್ಲಿ ಇದನ್ನು ಮರೆಯುವುದು ಸುಲಭ. ಪ್ರಮಾಣಪತ್ರವಿಲ್ಲದೆ ಬಂದವನನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲಾಗುತ್ತದೆ. ಒಳಗೆ ಸೋಂಕಿದ್ದರೆ ಅದು ಹೊರಬೀಳಲು ಸಾಮಾನ್ಯವಾಗಿ ಅಷ್ಟು ಕಾಲ ಸಾಕು.